ವೈಯಕ್ತಿಕ ಕಾರಣ

"ಈ ಹೆಂಗಸನ್ನ ಇವತ್ತೇ, ಈಗಲೇ ಹೊರಗೆ ಕಳಿಸಬೇಕು," ಎಂದರು ಆ ಮನುಷ್ಯ.

ಹೆಂಗಸು ಎಂದರೆ ನಾನು. ಎದುರಿಗೇ ಕೂತಿದ್ದೆ. ಇಸ್ತ್ರಿ ಮಾಡಿದ ಬಟ್ಟೆ, ಕಚ್ಚುವ ಹೊಸ ಚಪ್ಪಲಿ, ಮುಖದ ಮೇಲೆ ಕನ್ನಡಿ ಮುಂದೆ ಅಭ್ಯಾಸ ಮಾಡಿದ ನಗು. ಆ ನಗು ಎಲ್ಲಿತ್ತೋ ಅಲ್ಲೇ ಹೆಪ್ಪುಗಟ್ಟಿತು.

ಅದು ಸರ್ಕಾರದ ಮುಖ್ಯಸ್ಥರ ಮೀಟಿಂಗ್ ರೂಮು. ಅವರ ಸಿಬ್ಬಂದಿ ಅವರನ್ನು 'ದೊಡ್ಡವರು' ಎನ್ನುತ್ತಿದ್ದರು. ಒಂದು ವರ್ಷ ಆ ಆಫೀಸಿನಲ್ಲಿ ಕೂತು, ಅಲ್ಲಿ ಕೆಲಸ ಹೇಗೆ ನಡೆಯುತ್ತದೆಂದು ನೋಡಿ ಬರೆಯಲು ನನಗೆ ಅನುಮತಿ ಕೊಡಬೇಕೋ ಬೇಡವೋ ಎಂಬುದು ಅಂದಿನ ಪ್ರಸ್ತಾಪ. ದೊಡ್ಡವರು, ಅವರ ಹಣಕಾಸು ಸಲಹೆಗಾರ, ಇನ್ನೊಂದಿಷ್ಟು ಜನ ಮೇಜಿನ ಸುತ್ತ ಕೂತಿದ್ದರು. ಕಿಟಕಿ ಪಕ್ಕದ ಕುರ್ಚಿಯಲ್ಲಿ, ನೀಲಿ ಟೈ ಕಟ್ಟಿಕೊಂಡು, ಈ ಮಹಾಶಯರು.

"ಇವರ ಕೆಲಸ ಏನು ಗೊತ್ತಾ?" ಅವರು ನನ್ನ ಕಡೆ ತಿರುಗಿಯೂ ನೋಡದೆ ಮುಂದುವರಿಸಿದರು. "ಯಾರ ಮೇಜು ಯಾರ ಬಾಗಿಲಿಗೆ ಹತ್ತಿರ ಇದೆ ಅಂತ ಟೇಪ್ ಹಿಡಿದು ಅಳೆಯೋದು. ಇವರು ನಮ್ಮ ಮಧ್ಯೆ ಕೂತ್ರೆ ಯಾರೂ ಬಾಯಿ ಬಿಡಲ್ಲ. ಮನೆಗೆ ನೆಂಟರು ಬಂದಾಗ ಗಂಡ ಹೆಂಡತಿ ಜಗಳ ಆಡ್ತಾರಾ? ಇನ್ನು ಇವರ ವಿದ್ವತ್ತು! ಹೋದ ಪುಸ್ತಕದ ಮೂರನೇ ಅಧ್ಯಾಯದಲ್ಲಿ ಒಂದು ಅಡಿಟಿಪ್ಪಣಿ ಇದೆ. ಅಲ್ಲಿ ಎರಡು ಆಫೀಸುಗಳನ್ನ ಅದಲು ಬದಲು ಮಾಡಿಟ್ಟಿದ್ದಾರೆ."

ಆ ತಪ್ಪು ನಿಜವಾಗಿಯೂ ಇತ್ತು. ವಿಮರ್ಶೆ ಬರೆದವರು, ಪಾಠಕ್ಕೆ ಇಟ್ಟವರು, ಬೈದವರು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈ ಮನುಷ್ಯ ನನ್ನ ಪುಸ್ತಕದ ಅಡಿಟಿಪ್ಪಣಿಗಳನ್ನೂ ಓದಿದ್ದಾರೆ ಎಂಬುದು ಅವಮಾನಕ್ಕಿಂತ ದೊಡ್ಡ ಆಘಾತವಾಯಿತು.

ದೊಡ್ಡವರು ಆಕಳಿಸಿ, "ಮುಗೀತಾ? ಸರಿ. ಮೇಡಂ, ಸೋಮವಾರದಿಂದ ಬನ್ನಿ," ಎಂದರು. ಅಷ್ಟೇ! ಎಲ್ಲರೂ ಏನೂ ಆಗಿಲ್ಲವೆಂಬಂತೆ ಎದ್ದರು.

ನಾನು ಬ್ಯಾಗು ಎತ್ತಿಕೊಳ್ಳುವಷ್ಟರಲ್ಲಿ ಆ ನೀಲಿ ಟೈ ನನ್ನ ಮುಂದೆಯೇ ಬಂದು ನಿಂತಿತು. ಕೈಯಲ್ಲಿ ಎರಡು ಕಪ್ ಕಾಫಿ. ಮುಖದಲ್ಲಿ ನಾಚಿಕೆಗೆಟ್ಟ ನಗು.

"ಸಕ್ಕರೆ ಹಾಕ್ಲಾ ಮೇಡಂ?"

"ವಿಷ ಇದ್ರೆ ಹಾಕಿ. ಸಕ್ಕರೆ ಯಾಕೆ?"

ಅವರ ಕಿವಿ ಕೆಂಪಾಯಿತು. ಕಾಫಿ ತುಳುಕಿ ಸಾಸರಿಗೆ ಬಿತ್ತು. ನಾನು ದಡದಡನೆ ಮೆಟ್ಟಿಲಿಳಿದು ಬಂದೆ.

*

ನನ್ನ ಕೆಲಸದ ಬಗ್ಗೆ ಹೇಳಿದರೆ ನಗದವರು ಕಡಿಮೆ. ರಾಜ್ಯಶಾಸ್ತ್ರ ಓದಿದವರೆಲ್ಲ ಚುನಾವಣೆ, ಪಕ್ಷ, ಸಂವಿಧಾನ ಎಂದು ಹೋದರು. ನಾನು ಮಾತ್ರ ಗೆದ್ದು ಬಂದವರ ಆಫೀಸಿನ ಹಿಂಬಾಗಿಲಿನಿಂದ ಒಳಹೊಕ್ಕೆ. ಅಧಿಕಾರದಲ್ಲಿರುವವರ ಸುತ್ತ ಎಂಥ ಜನ ಇರುತ್ತಾರೆ, ಯಾರನ್ನು ಒಳಗೆ ಬಿಡುತ್ತಾರೆ, ಯಾರ ಕಾಗದ ಮೇಲಕ್ಕೆ ಬರುತ್ತದೆ, ಕೆಟ್ಟ ಸುದ್ದಿಯನ್ನು ಯಾರು ಹೇಳುತ್ತಾರೆ, ಇದೇ ನನ್ನ ಜೀವಮಾನದ ಅಧ್ಯಯನ. ಅದೆಷ್ಟೋ ಊರುಗಳಲ್ಲಿ, ಅದೆಷ್ಟೋ ಕಾರಿಡಾರುಗಳಲ್ಲಿ ಮೊಣಕಾಲೂರಿ ಟೇಪು ಹಿಡಿದಿದ್ದೇನೆ. ಬಾಗಿಲಿಗೂ ಮೇಜಿಗೂ ಇರುವ ದೂರ ಎಷ್ಟೋ ಸಲ ಸಂಬಳಕ್ಕಿಂತ ಹೆಚ್ಚು ಸತ್ಯ ಹೇಳುತ್ತದೆ.

"ಅಂದ್ರೆ ಚಾಡಿಕೋರರ ಬಗ್ಗೆ ಡಾಕ್ಟರೇಟು ಅನ್ನು," ಎಂದಿದ್ದಳು ನನ್ನ ಅತ್ತಿಗೆ, ಮದುವೆಯಾಗಿ ನಮ್ಮ ಮನೆಗೆ ಬಂದ ಹೊಸದರಲ್ಲಿ. ಅಣ್ಣನ ಮನೆಯ ಮಹಡಿ ರೂಮೇ ನನ್ನ ಮನೆ. ನನ್ನ ಮದುವೆಯ ಮಾತನ್ನು ಅಣ್ಣ ಎತ್ತುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಅತ್ತಿಗೆ ಬಿಟ್ಟಿರಲಿಲ್ಲ.

ಆವತ್ತು ಸಂಜೆ ನಡೆದದ್ದನ್ನೆಲ್ಲ ಹಲ್ಲು ಕಡಿಯುತ್ತಾ ಹೇಳಿದೆ. ಅತ್ತಿಗೆ ತರಕಾರಿ ಹೆಚ್ಚುವುದನ್ನು ನಿಲ್ಲಿಸಿ ಕೇಳಿದಳು.

"ಅಡಿಟಿಪ್ಪಣಿ ತನಕ ಓದಿದ್ದಾನಾ?"

"ಹೂಂ."

"ನಿಮ್ಮಣ್ಣ ನಮ್ಮ ಲಗ್ನಪತ್ರಿಕೆನೇ ಪೂರ್ತಿ ಓದಿರಲಿಲ್ಲ," ಎಂದು ಮತ್ತೆ ಹೆಚ್ಚತೊಡಗಿದಳು.

*

ಸೋಮವಾರದಿಂದ ಹೋದೆ. ಆ ಮನುಷ್ಯನ ಮುಖ ಕಂಡರೆ ಸಾಕು, ಬೇರೆ ಕಡೆ ತಿರುಗುತ್ತಿದ್ದೆ. ಆದರೆ ತಮಾಷೆಯೆಂದರೆ ಅವರು ನನ್ನೊಬ್ಬಳಿಗೇ ಅಲ್ಲ, ಎಲ್ಲದಕ್ಕೂ ಬೇಡ ಎನ್ನುತ್ತಿದ್ದರು. ಹೊಸ ಆಸ್ಪತ್ರೆ ಬೇಡ. ರೈಲ್ವೆ ಸೇತುವೆ ಬೇಡ. ಒಂದು ದಿನ ತೆರಿಗೆ ಏರಿಸುವುದು ಬೇಡ ಎಂದವರು ಮರುವಾರ ಇಳಿಸುವುದೂ ಬೇಡ ಎಂದರು. ಎರಡು ಸಲವೂ ಕೇಳಿದವರು ತಲೆದೂಗುವ ಹಾಗೆ! ಆಫೀಸಿನವರು ಅವರಿಗೆ ಬೇಡಪ್ಪ ಎಂದೇ ಹೆಸರಿಟ್ಟಿದ್ದರು.

ಕೊನೆಗೆ ಹಿರಿಯ ಟೈಪಿಸ್ಟ್ ಒಬ್ಬರನ್ನು ಹಿಡಿದೆ. ಎಲ್ಲರೂ ಟೈಪಿಸ್ಟ್ ಅಕ್ಕ ಎನ್ನುತ್ತಿದ್ದ ಹೆಂಗಸು, ಮೀಟಿಂಗಿನ ಮಾತುಗಳನ್ನು ಬರೆದುಕೊಳ್ಳುವುದು ಅವರ ಕೆಲಸ. "ಅಕ್ಕಾ, ಈ ಮನುಷ್ಯನಿಗೆ ತಲೆ ಸರಿ ಇದೆಯಾ?"

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಅಯ್ಯೋ, ನಿಮಗೆ ಯಾರೂ ಹೇಳ್ಲಿಲ್ವಾ? ಕಿಟಕಿ ಪಕ್ಕದ್ದು ವಿರೋಧದ ಕುರ್ಚಿ. ಅಲ್ಲಿ ಕೂತವರು ಯಾವ ಪ್ರಸ್ತಾಪ ಬಂದ್ರೂ ಬೇಡ ಅನ್ನಲೇಬೇಕು. ಸಿಗೋದರಲ್ಲಿ ಅತಿ ಬಲವಾದ ವಾದ ಮಾಡ್ಬೇಕು. ಸ್ವಂತ ಅಭಿಪ್ರಾಯ ಹೇಳೋ ಹಾಗಿಲ್ಲ. ಮುಂಚೆ ಎಲ್ಲರೂ ಸರದಿ ಮೇಲೆ ಕೂರ್ತಿದ್ರು. ಇವರು ಎಷ್ಟು ಚೆನ್ನಾಗಿ ಮಾಡಿದ್ರು ಅಂದ್ರೆ, ದೊಡ್ಡವರು 'ಇನ್ಮೇಲೆ ನೀವೇ ಕೂತ್ಬಿಡಿ' ಅಂದ್ರು. ಆವತ್ತಿಂದ ಅಲ್ಲೇ ಇದ್ದಾರೆ."

"ಅಂದ್ರೆ ನನ್ನ ಬಗ್ಗೆ ಅಂದದ್ದು?"

"ಅದೂ ಡ್ಯೂಟಿನೇ. ನಿಮ್ಮನ್ನ ಇಲ್ಲಿಗೆ ಕರೆಸಬೇಕು ಅಂತ ದೊಡ್ಡವರ ಹಿಂದೆ ಬಿದ್ದದ್ದೇ ಅವರು ಕಣ್ರೀ. ನಿಮ್ಮ ಪುಸ್ತಕ ಅವರ ಮೇಜಿನ ಮೇಲೆ ಯಾವಾಗ್ಲೂ ಇರುತ್ತೆ, ನೋಡಿಲ್ವಾ?"

ಇಂಥ ಆಫೀಸುಗಳನ್ನು ಅರೆದು ಕುಡಿದವಳು ಎಂದು ಹೆಸರಾದವಳಿಗೆ ಒಂದು ಕುರ್ಚಿಯ ಅರ್ಥ ತಿಳಿದಿರಲಿಲ್ಲ. ಕೋಣೆಯಲ್ಲಿದ್ದ ಎಲ್ಲ ಮೇಜು ಕುರ್ಚಿಗಳನ್ನೂ ಅಳೆದಿದ್ದೆ, ಕೇಳಬೇಕಾದದ್ದನ್ನು ಕೇಳಿರಲಿಲ್ಲ.

ಎದ್ದು ನೇರವಾಗಿ ಅವರ ಮೇಜಿನ ಹತ್ತಿರ ಹೋದೆ. ಅದು ದೊಡ್ಡವರ ಬಾಗಿಲಿಗೆ ಅಂಟಿಕೊಂಡಂತಿತ್ತು. ಅವರು ತಲೆಯೆತ್ತಿದರು. ಹತ್ತಿರದಿಂದ ನೋಡಿದರೆ ಕಣ್ಣುಗಳು ಬಹಳ ಸುಸ್ತಾಗಿದ್ದವು.

"ನಿಮ್ಮ ಹತ್ತಿರ ವಿಷ ಕೇಳಿದ್ದಕ್ಕೆ ಕ್ಷಮಿಸಿ."

"ಸ್ಟಾಕ್ ಇರಲಿಲ್ಲ," ಎಂದರು ಗಂಭೀರವಾಗಿ.

"ಕುರ್ಚಿಯಲ್ಲಿ ಕೂತು ಹೇಳಿದ್ದು ನಿಜ ಅಲ್ವಂತೆ. ಹಾಗಾದ್ರೆ ಆ ಅಡಿಟಿಪ್ಪಣಿ?"

"ಅದೊಂದು ಮಾತ್ರ ನಿಜ ಮೇಡಂ. ಏನೂ ಮಾಡೋಕಾಗಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಆ ನಗು ಬಹಳ ದಿನ ಪೆಟ್ಟಿಗೆಯಲ್ಲಿಟ್ಟ ಬಟ್ಟೆಯ ಹಾಗೆ ಸುಕ್ಕುಸುಕ್ಕಾಗಿತ್ತು. ಆದರೂ ಮುಖಕ್ಕೆ ಚೆನ್ನಾಗಿ ಒಪ್ಪುತ್ತಿತ್ತು.

*

ಆಮೇಲೆ ಅವರೇ ಟೇಪಿನ ಇನ್ನೊಂದು ತುದಿ ಹಿಡಿಯತೊಡಗಿದರು.

ಕಾರಿಡಾರಿನ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನಾನು. ನಡುವೆ ಹಳದಿ ಟೇಪು. ನಾನು ಅಂಕಿ ಓದಲು ಬಗ್ಗಿದಾಗ ಅವರು ನನ್ನನ್ನು ನೋಡುತ್ತಿದ್ದರು. ತಲೆಯೆತ್ತಿದರೆ ತಟ್ಟನೆ ಗೋಡೆ ಗಡಿಯಾರವನ್ನು ನೋಡುತ್ತಿದ್ದರು. ಆ ಗಡಿಯಾರ ಕೆಟ್ಟು ಎಷ್ಟು ಕಾಲವಾಗಿತ್ತೋ ಏನೋ.

ಮಧ್ಯಾಹ್ನದ ಹೊತ್ತು ಇಬ್ಬರೂ ಮೆಟ್ಟಿಲ ತಿರುವಿನ ಕಟ್ಟೆಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದೆವು. ಒಂದು ದಿನ ಸೆಕೆ ಎಂದು, "ಈ ಕಿಟಕಿ ತೆಗೀಲಾ?" ಎಂದು ಕೇಳಿದೆ.

"ತೆಗೆದ್ರೆ ಗಾಳಿ ಬರುತ್ತೆ, ಆದ್ರೆ ರಸ್ತೆ ಗಲಾಟೆನೂ ಬರುತ್ತೆ. ಮುಚ್ಚಿದ್ರೆ ಸೆಕೆ, ಆದ್ರೆ ನೆಮ್ಮದಿಯಾಗಿ ಮಾತಾಡಬಹುದು."

"ರೀ, ಕಿಟಕಿಯ ಲಾಭ ನಷ್ಟ ಕೇಳ್ಲಿಲ್ಲ. ನಿಮಗೆ ಏನು ಬೇಕು?"

ಅವರು ಬಾಯಿ ತೆರೆದರು. ಮುಚ್ಚಿದರು. ಇನ್ನೊಮ್ಮೆ ತೆರೆದರು.

"ಗೊತ್ತಿಲ್ಲ," ಎಂದರು. ತಮಾಷೆಯಲ್ಲ, ನಿಜವಾಗಿಯೂ ಗೊತ್ತಿರಲಿಲ್ಲ. ಅವರ ಮುಖ ಬಿಳಚಿಕೊಂಡಿತ್ತು. "ಯಾರೂ ಕೇಳಿಲ್ಲ ಮೇಡಂ. ಬಹಳ ವರ್ಷ ಆಯ್ತು. ಏನಾದ್ರೂ ಬೇಕು ಅನ್ನಿಸೋ ಮುಂಚೆನೇ ಅದು ಯಾಕೆ ಬೇಡ ಅನ್ನೋದು ತಲೆಗೆ ಬಂದ್ಬಿಡುತ್ತೆ."

ನಾನು ದಂಗಾದೆ. ಮಂತ್ರಿಗಳು ಯಾರ ಎದುರು ಬೆವರುತ್ತಾರೋ ಆ ಮನುಷ್ಯನಿಗೆ ತನಗೆ ಗಾಳಿ ಬೇಕೋ ಬೇಡವೋ ಹೇಳಲು ಬರುತ್ತಿಲ್ಲ. ಸಿಟ್ಟೂ ಬಂತು, ಅಳುವೂ ಬಂತು. ನಾನು ಅಳುವವಳಲ್ಲ, ಆದ್ದರಿಂದ ಸಿಟ್ಟನ್ನೇ ಇಟ್ಟುಕೊಂಡೆ.

"ಇವತ್ತಿಂದ ದಿನಾ ಇಲ್ಲಿ ಕೂತು ಒಂದು 'ಬೇಕು' ಹೇಳ್ಬೇಕು. ಆದರೆ-ಗೀದರೆ ಅನ್ನಬಾರದು."

"ಅದು..."

"ಹೇಳಿ!"

ಬಹಳ ಹೊತ್ತು ಹೆಣಗಿದರು. ಹಣೆಯಲ್ಲಿ ಬೆವರು. "ಇನ್ನೊಂದು ಬಿಸ್ಕತ್ತು ಬೇಕು," ಎಂದರು ಕೊನೆಗೆ, ತಪ್ಪೊಪ್ಪಿಕೊಳ್ಳುವ ಧ್ವನಿಯಲ್ಲಿ. ನನ್ನ ಪಾಲಿನದನ್ನೂ ಕೊಟ್ಟುಬಿಟ್ಟೆ.

ಮರುದಿನ ಟೈ ಸಡಿಲಿಸಬೇಕು ಎಂದರು. ಇನ್ನೊಂದು ದಿನ ಒಂದು ಭಾನುವಾರ ಏನನ್ನೂ ಓದದೆ ಮಲಗಬೇಕು ಎಂದರು. ಮತ್ತೊಂದು ದಿನ ಬಹಳ ಧೈರ್ಯ ಮಾಡಿ, "ಕಾರಿಡಾರನ್ನ ಇನ್ನೊಂದು ಸಲ ಅಳೀಬೇಕು," ಎಂದರು.

"ಯಾಕೆ, ಅಳತೆ ತಪ್ಪಾಗಿದೆಯಾ?"

"ಅಳತೆ ಸರಿಯಾಗೇ ಇದೆ."

ಹಾಗೆಂದು ಕಾಫಿ ಕಪ್ಪಿನೊಳಗೆ ನೋಡುತ್ತಾ ಕೂತರು. ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಕೆಟ್ಟ ಗಡಿಯಾರ ಅಲ್ಲಿಂದ ಕಾಣಿಸುತ್ತಿರಲಿಲ್ಲ.

ಮನೆಯಲ್ಲಿ ಅತ್ತಿಗೆ ಕೇಳಿದಳು. "ಏನಮ್ಮಾ ಪ್ರೊಫೆಸರಮ್ಮ, ಅಷ್ಟು ದೊಡ್ಡ ಆಫೀಸು. ಒಬ್ಬರ ಮೇಜಿನ ಸುದ್ದಿನೇ ಬರ್ತಿದೆಯಲ್ಲ?"

"ಆ ಮೇಜು ಬಾಗಿಲಿಗೆ ಹತ್ತಿರ ಇದೆ ಅತ್ತಿಗೆ. ಅದಕ್ಕೆ."

"ಹೌದೌದು. ಬಾಗಿಲಿಗೆ," ಎಂದಳು ಅವಳು. ವಿಷಯ ಬಾಗಿಲಿನದಲ್ಲ ಎಂದು ನನಗೂ ಗೊತ್ತಿತ್ತು. ಪ್ರೀತಿಯಾಗಿತ್ತು. ಈ ವಯಸ್ಸಿನಲ್ಲಿ, ಈ ಬುದ್ಧಿಯಲ್ಲಿ, ಸಂಶೋಧನೆಗೆ ಹೋದ ಜಾಗದಲ್ಲಿ! ಹಣೆ ಹಣೆ ಚಚ್ಚಿಕೊಂಡೆ.

*

ವರ್ಷ ಮುಗಿಯುತ್ತಾ ಬಂದಾಗ ಬರೆಯಲು ಕೂತೆ. ಯಾವ ಮೀಟಿಂಗಿನಲ್ಲಿ ಯಾರು ಮಾತಾಡಿದರು, ಯಾರು ಬಾಯಿ ಮುಚ್ಚಿಕೊಂಡಿದ್ದರು, ಮಾತಾಡಿದ್ದರಿಂದ ದೊಡ್ಡವರ ತೀರ್ಮಾನ ಎಲ್ಲಾದರೂ ಬದಲಾಯಿತೇ, ಎಲ್ಲವನ್ನೂ ಒಂದೆಡೆ ಇಟ್ಟು ನೋಡಿದೆ. ನೋಡಿ ಬೆಚ್ಚಿಬಿದ್ದೆ.

ಕುರ್ಚಿ ಸರದಿಯ ಮೇಲೆ ತಿರುಗುತ್ತಿದ್ದ ಕಾಲದ ಮೀಟಿಂಗುಗಳ ದಾಖಲೆಯೂ ನನಗೆ ಸಿಕ್ಕಿತ್ತು. ಆಗ ಎಲ್ಲರೂ ಜಗಳವಾಡುತ್ತಿದ್ದರು, ತೀರ್ಮಾನಗಳು ಆಗಾಗ ಬದಲಾಗುತ್ತಿದ್ದವು. ಬೇಡಪ್ಪ ಅಲ್ಲಿ ಕಾಯಂ ಆಗಿ ಕೂತ ಮೇಲೆ ಒಂದೂ ಬದಲಾಗಿರಲಿಲ್ಲ. ವಿರೋಧ ಮಾಡಲು ಅವರಿದ್ದಾರಲ್ಲ ಎಂದು ಉಳಿದವರೆಲ್ಲ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಅವರು ಹೇಳುವುದು ಡ್ಯೂಟಿಯ ಮಾತು ಎಂದು ದೊಡ್ಡವರು ಆಕಳಿಸುತ್ತಾ ಕೇಳಿ, ಮೊದಲೇ ಅಂದುಕೊಂಡದ್ದನ್ನೇ ಮಾಡುತ್ತಿದ್ದರು. ಆ ರೈಲ್ವೆ ಸೇತುವೆಗೆ ಜಾಗ ಸರಿಯಿಲ್ಲವೆಂದು ಒಳಗೊಳಗೇ ಗೊತ್ತಿದ್ದವರು, ಆಮೇಲೆ ನನ್ನ ಹತ್ತಿರ ಹೇಳಿಕೊಂಡವರು, ಮೂರು ಜನ ಆ ಕೋಣೆಯಲ್ಲಿದ್ದರು. ಒಬ್ಬರೂ ಉಸಿರೆತ್ತಲಿಲ್ಲ. ಸೇತುವೆ ಅರ್ಧ ಎದ್ದು ಹಾಗೇ ನಿಂತಿದೆ.

ಅಂದರೆ ಆ ಆಫೀಸಿನ ದೊಡ್ಡ ರೋಗ ಆ ಹುದ್ದೆ. ಅದನ್ನು ತೆಗೆದುಹಾಕಬೇಕು. ನಾನು ಪ್ರೀತಿಸುವ ಮನುಷ್ಯನ ಕೆಲಸ ಹೋಗಬೇಕು ಎಂದು ನಾನೇ ಬರೆಯಬೇಕು.

ಮೂರು ಸಲ ಮತ್ತೆ ಲೆಕ್ಕ ಹಾಕಿದೆ, ಎಲ್ಲಾದರೂ ತಪ್ಪು ಸಿಗಲಿ ಎಂದು. ಜೀವಮಾನದಲ್ಲಿ ಮೊದಲ ಸಲ ನನ್ನ ತಪ್ಪಿಗಾಗಿ ನಾನೇ ಹಂಬಲಿಸಿದೆ. ಸಿಗಲಿಲ್ಲ.

"ಸ್ವಲ್ಪ ಮೆತ್ತಗೆ ಬರೆದ್ರೆ ಆಗಲ್ವಾ?" ಎಂದಳು ಅತ್ತಿಗೆ.

"ಮೆತ್ತಗೆ ಬರೆದ್ರೆ ನಾನೂ ಆ ರೂಮಿನಲ್ಲಿ ಬಾಯಿ ಮುಚ್ಚಿಕೊಂಡವರ ಸಾಲಿಗೆ ಸೇರ್ತೀನಿ."

ಮರುದಿನ ಮೆಟ್ಟಿಲ ಬಳಿ ಅವರಿಗೆ ಹೇಳಲು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು. "ವರದಿ ವಿಷಯನಾ? ಬೇಡ. ಅದನ್ನ ವಿರೋಧ ಮಾಡೋನು ನಾನು. ಮೊದಲೇ ಕೇಳಿದ್ರೆ ಕುರ್ಚಿಗೆ ಮೋಸ ಮಾಡಿದ ಹಾಗೆ."

"ಕೇಳಿದ್ರೆ ಒಳ್ಳೇದಿತ್ತು."

"ನೀವು ಏನು ಬರೆದಿದ್ರೂ ಸರಿಯಾಗೇ ಬರೆದಿರ್ತೀರಿ," ಎಂದರು ನಗುತ್ತಾ. "ಅಡಿಟಿಪ್ಪಣಿ ಬಿಟ್ಟು."

ನಾನು ಆ ದಿನ ಬಿಸ್ಕತ್ತು ಮುಟ್ಟಲಿಲ್ಲ.

*

ಮೀಟಿಂಗಿನಲ್ಲಿ ವರದಿಯನ್ನು ನಾನೇ ಓದಿದೆ. ಅವರ ಕಡೆ ನೋಡಬಾರದೆಂದು ಕಾಗದವನ್ನು ಮುಖಕ್ಕೆ ಹತ್ತಿರ ಹಿಡಿದಿದ್ದೆ. 'ಕಾಯಂ ವಿರೋಧದ ಹುದ್ದೆಯನ್ನು ರದ್ದು ಮಾಡಬೇಕು' ಎಂಬಲ್ಲಿಗೆ ಬಂದಾಗ ಅದನ್ನು ಇನ್ನೂ ಮೇಲಕ್ಕೆತ್ತಿದೆ.

ದೊಡ್ಡವರು ಈ ಸಲ ಆಕಳಿಸಲಿಲ್ಲ. ನಿಧಾನವಾಗಿ ಕಿಟಕಿ ಕಡೆ ತಿರುಗಿ, "ಹೂಂ. ನಿಮ್ಮ ಸರದಿ," ಎಂದರು.

ಅವರು ಟೈ ಸರಿಮಾಡಿಕೊಂಡರು. ಆಮೇಲೆ ಎಂದಿನ ಧ್ವನಿಯಲ್ಲಿ, ಆ ಹಾಳು ಸ್ಪಷ್ಟ ಧ್ವನಿಯಲ್ಲಿ ಶುರುಮಾಡಿದರು.

"ಈ ವರದಿಯ ಲೆಕ್ಕದಲ್ಲಿ ತಪ್ಪು ಹುಡುಕಬಹುದು. ನಾನು ಹುಡುಕಲ್ಲ. ಇದಕ್ಕಿಂತ ದೊಡ್ಡ ತಪ್ಪು ಇದೆ. ಬರೆದವರು ತಟಸ್ಥರಲ್ಲ. ಈ ವರ್ಷ ದಿನಾ ಮೆಟ್ಟಿಲ ಮೇಲೆ ನನ್ನ ಜೊತೆ ಕೂತು, ನನಗೇನು ಬೇಕು ಅಂತ ಕೇಳಿದ್ದಾರೆ. ಇವರಿಗೆ ನಾನು ಈ ಕುರ್ಚಿಯಿಂದ ಏಳಬೇಕು. ಆಫೀಸು ಉದ್ಧಾರ ಆಗಲಿ ಅಂತ ಅಲ್ಲ." ಇಲ್ಲಿ ಒಂದು ಕ್ಷಣ ನಿಂತರು. "ಇವರಿಗೆ ನನ್ನ ಮೇಲೆ ಪ್ರೀತಿ ಇದೆ. ಆದ್ದರಿಂದ ಇದು ಸಂಶೋಧನೆ ಅಲ್ಲ. ತಿರಸ್ಕರಿಸಬೇಕು."

ಟೈಪಿಸ್ಟ್ ಅಕ್ಕನ ಪೆನ್ಸಿಲು ನೆಲಕ್ಕೆ ಬಿದ್ದು ಉರುಳಿಕೊಂಡು ಹೋಯಿತು. ಹಣಕಾಸು ಸಲಹೆಗಾರ ನೀರಿನ ಲೋಟವನ್ನು ಬಾಯಿಗಿಟ್ಟವನು ಹಾಗೇ ಇದ್ದ.

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ನಾನು ನನಗೇ ಸರಿಯಾಗಿ ಹೇಳಿಕೊಂಡಿರದ ಮಾತು. ಅವರ ಕಿವಿಯಲ್ಲಿ ಹೇಳುವ ದಿನ ಬರಬಹುದೆಂದು ಜೋಪಾನ ಮಾಡಿಟ್ಟಿದ್ದ ಮಾತು. ಅದನ್ನು ಸರ್ಕಾರದ ಎದುರು, ಒಂದು ವಾದದ ಪಾಯಿಂಟ್ ಮಾಡಿ, ಮೇಜಿನ ಮೇಲೆ ಎಸೆದಿದ್ದರು. ಅದಕ್ಕಿಂತ ಘೋರವೆಂದರೆ ವಾದ ಚೆನ್ನಾಗಿತ್ತು. ಆ ಕುರ್ಚಿಯಲ್ಲಿ ನಾನು ಕೂತಿದ್ದರೂ ಅದನ್ನೇ ಹೇಳುತ್ತಿದ್ದೆ.

"ಪ್ರೊಫೆಸರ್?" ಎಂದರು ದೊಡ್ಡವರು. "ಇದಕ್ಕೆ ಏನಂತೀರಿ?"

ಸಿಟ್ಟು ಎನ್ನುವುದು ದೊಡ್ಡ ಊರುಗೋಲು, ಅದನ್ನೇ ಹಿಡಿದು ಎದ್ದು ನಿಂತೆ.

"ಪ್ರೀತಿ ಇರೋದು ನಿಜ. ಲೆಕ್ಕ ಸರಿ ಇರೋದೂ ನಿಜ. ಒಂದರಿಂದ ಇನ್ನೊಂದು ಸುಳ್ಳಾಗಲ್ಲ. ಆದ್ರೆ ಅವರು ಹೇಳಿದ ಮೇಲೆ ನನ್ನ ಹೆಸರಲ್ಲಿ ಇದನ್ನ ಯಾರೂ ನಂಬಬಾರದು, ನಂಬೋದೂ ಇಲ್ಲ. ಬೇರೆಯವರ ಹತ್ತಿರ ಮತ್ತೆ ಎಣಿಸಿ. ಎಲ್ಲಾ ಕಾಗದ ಕೊಟ್ಟುಬಿಡ್ತೀನಿ."

ಹೇಳಿ ಮುಗಿದ ಮೇಲೆಯೇ ನಾನೇನು ಹೇಳಿದೆನೆಂದು ನನಗೆ ಗೊತ್ತಾದದ್ದು. ಒಂದು ವರ್ಷದ ಕೆಲಸ, ಬರಬೇಕಿದ್ದ ಪುಸ್ತಕ, ನನ್ನ ಇಡೀ ಜೀವನದ ಅತಿ ಒಳ್ಳೆಯ ಅಧ್ಯಾಯ, ಒಂದೇ ಉಸಿರಿನಲ್ಲಿ ಹೋಗಿತ್ತು.

ಆಗ ಕುರ್ಚಿ ಸರಿದ ಸದ್ದಾಯಿತು. ಬೇಡಪ್ಪ ಎದ್ದು ಮೇಜಿನ ಈಚೆ ಬಂದು ನಿಂತಿದ್ದರು.

"ಡ್ಯೂಟಿ ಮುಗೀತು. ಈಗ ನನ್ನ ಸ್ವಂತ ಮಾತು," ಎಂದರು. ದೊಡ್ಡವರು ಬೆಚ್ಚಿ ನೋಡಿದರು. "ವರದಿಯಲ್ಲಿರೋದು ಅಕ್ಷರ ಅಕ್ಷರ ನಿಜ. ನಾನು ರಾಜೀನಾಮೆ ಕೊಡ್ತೀನಿ."

ದೊಡ್ಡವರು ಮುಂದಿದ್ದ ವರದಿಯನ್ನು ಮಡಚಿಟ್ಟರು. ಆಮೇಲೆ ಸುತ್ತ ನೋಡಿದರು. "ಇದಕ್ಕೆ ಯಾರದಾದ್ರೂ ವಿರೋಧ ಇದೆಯಾ?"

ಎಲ್ಲರೂ ಅಭ್ಯಾಸಬಲದಿಂದ ಕಿಟಕಿ ಪಕ್ಕ ತಿರುಗಿದರು. ಕುರ್ಚಿ ಖಾಲಿ. ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ದೊಡ್ಡವರು ಆ ಖಾಲಿ ಕುರ್ಚಿಯನ್ನು, ಮುಚ್ಚಿದ ಬಾಯಿಗಳನ್ನು ಒಂದೊಂದಾಗಿ ನೋಡುತ್ತಾ ಹೋದರು. ಅವರ ಮುಖದ ಬಣ್ಣ ಇಳಿಯುತ್ತಾ ಹೋಯಿತು. ಕೊನೆಗೆ ಹಣಕಾಸು ಸಲಹೆಗಾರ ಲೋಟ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, "ಸಾರ್, ಇದಕ್ಕಲ್ಲ... ಆ ಸೇತುವೆ ವಿಷಯದಲ್ಲಿ ನನ್ನದೊಂದು ಆಕ್ಷೇಪ ಇತ್ತು," ಎಂದ.

*

ಮೆಟ್ಟಿಲ ತಿರುವಿನಲ್ಲಿ ಅವರು ಓಡಿ ಬಂದು ನನ್ನನ್ನು ಹಿಡಿದರು.

"ಸಿಟ್ಟಾ?"

"ಸಿಟ್ಟಾ ಅಂತ ಬೇರೆ ಕೇಳ್ತೀರಾ? ಎಲ್ಲರ ಎದುರು ನನ್ನ ಮಾನ ಹರಾಜು ಹಾಕಿದ್ರಲ್ಲ!"

"ಅತಿ ಬಲವಾದ ವಾದ ಮುಚ್ಚಿಡಬಾರದು. ಅದೇ ನಿಯಮ. ಅದನ್ನ ಮುಚ್ಚಿಟ್ಟಿದ್ರೆ, ನಾಳೆ ಯಾರಾದ್ರೂ ಪಿಸುಪಿಸು ಅಂತ ಹೇಳ್ತಿದ್ರು. ವರದಿ ಸತ್ತೇ ಹೋಗ್ತಿತ್ತು."

"ಅದು ನನಗೂ ಗೊತ್ತು. ನನ್ನ ಸಿಟ್ಟು ಅದಕ್ಕಲ್ಲ." ಒಂದು ಮೆಟ್ಟಿಲು ಇಳಿದು ಮತ್ತೆ ತಿರುಗಿದೆ. "ನನ್ನ ಪ್ರೀತಿನ ನೀವು ಹೇಳಿದ್ರಿ. ನಿಮ್ಮದನ್ನ ಯಾರು ಹೇಳ್ಬೇಕು?"

ಅವರು ನಿಂತುಬಿಟ್ಟರು. ತುಟಿ ಅಲುಗಿತು. "ನನಗೆ... ಒಂದು ಕಡೆ ನೋಡಿದ್ರೆ..."

"ಒಂದು ಕಡೆ! ಇನ್ನೊಂದು ಕಡೆನೂ ಇದೆಯಾ? ಎರಡೂ ಕಡೆ ನೋಡಿಕೊಂಡೇ ಇರಿ. ಒಂದೇ ಕಡೆಯಿಂದ ಹೇಳೋಕೆ ಬಂದ ದಿನ ಬನ್ನಿ. ಅಲ್ಲಿವರೆಗೆ ನನಗೆ ಮುಖ ತೋರಿಸಬೇಡಿ."

ಹಾಗೆಂದು ಇಳಿದು ಬಂದೆ. ಟೇಪನ್ನು ಕಟ್ಟೆಯ ಮೇಲೆಯೇ ಮರೆತಿದ್ದೆ. ಅದಕ್ಕಾಗಿಯೂ ಹಿಂತಿರುಗಲಿಲ್ಲ.

*

ನನ್ನ ಕಾಗದಗಳೆಲ್ಲ ನಮ್ಮ ಡಿಪಾರ್ಟ್‌ಮೆಂಟಿನ ಇನ್ನೊಬ್ಬ ಪ್ರೊಫೆಸರರ ಪಾಲಾದವು. ಬಿಸಿಲಿರಲಿ ಮೋಡವಿರಲಿ ಕೊಡೆ ಬಿಡದ ಅವರಿಗೆ ಕೊಡೆ ಸಾರ್ ಎಂದೇ ಹೆಸರು. ನನ್ನ ಕೆಲಸವನ್ನು ಕಂಡರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಅವರು ಎಲ್ಲವನ್ನೂ ಮತ್ತೆ ಎಣಿಸಿದರು, ಅನುಮಾನದಿಂದಲೇ ಎಣಿಸಿದರು. ಫಲಿತಾಂಶ ಒಂದು ಕೂದಲೂ ಆಚೀಚೆಯಾಗಲಿಲ್ಲ. ಪುಸ್ತಕ ಅವರ ಹೆಸರಿನಲ್ಲಿ ಬಂತು. ಆ ಆಫೀಸಿನಲ್ಲಿ ಕುರ್ಚಿ ಮತ್ತೆ ಸರದಿಯ ಮೇಲೆ ತಿರುಗುತ್ತಿದೆ ಎಂದು ಟೈಪಿಸ್ಟ್ ಅಕ್ಕ ಫೋನು ಮಾಡಿ ಹೇಳಿದರು. ನನ್ನವರ ಸುದ್ದಿ ಅವರಾಗಿ ಹೇಳಲಿಲ್ಲ, ನಾನಾಗಿ ಕೇಳಲಿಲ್ಲ.

ಪುಸ್ತಕ ಅಂಗಡಿಗೆ ಬಂದ ವಾರ, ಒಂದು ಬೆಳಗ್ಗೆ ಬೆಲ್ ಆಯಿತು. ಬಾಗಿಲು ತೆಗೆದೆ.

ಟೈ ಇರಲಿಲ್ಲ. ಕಾಲರಿನ ಗುಂಡಿ ಬಿಚ್ಚಿತ್ತು. ಒಂದು ಕೈಯಲ್ಲಿ ನನ್ನ ಹಳದಿ ಟೇಪು, ಇನ್ನೊಂದರಲ್ಲಿ ಕೊಡೆ ಸಾರ್ ಪುಸ್ತಕ.

"ಒಂದು ಅಡಿಟಿಪ್ಪಣಿಯಲ್ಲಿ ತಪ್ಪಿದೆ," ಎಂದರು.

"ಎಲ್ಲಿ?"

ಪುಟ ತೆರೆದು ಬೆರಳಿಟ್ಟು ಓದಿದರು. "'ಈ ಅಧ್ಯಯನವನ್ನು ಆರಂಭಿಸಿದ ಸಂಶೋಧಕಿ ವೈಯಕ್ತಿಕ ಕಾರಣದಿಂದ ಹಿಂದೆ ಸರಿದರು.' ಇಷ್ಟೇ ಬರೆದಿದ್ದಾರೆ. ಆ ಕಾರಣ ಯಾರು, ಈಗ ಎಲ್ಲಿದ್ದಾನೆ, ಏನು ಮಾಡ್ತಿದ್ದಾನೆ, ಒಂದೂ ಇಲ್ಲ."

"ಏನು ಮಾಡ್ತಿದ್ದಾನೆ?"

"ಒಂದು ಕಾಲೇಜಲ್ಲಿ ಪಾಠ ಮಾಡ್ತಾನೆ. ಭಾನುವಾರ ಮಲಗ್ತಾನೆ. ಈಗ ಬಿಸಿಲಲ್ಲಿ ನಿಂತಿದ್ದಾನೆ."

"ಒಳಗೆ ಕರೀತೀಯಾ, ಇಲ್ಲಾ ಬಾಗಿಲಲ್ಲೇ ಅಳೀತೀಯಾ?" ಎಂದು ಅಡುಗೆಮನೆಯಿಂದ ಅತ್ತಿಗೆ ಕೂಗಿದಳು. ಕೈ ಒರೆಸಿಕೊಳ್ಳುತ್ತಾ ಬಂದವಳು ಊಟದ ಮೇಜಿನ ಹತ್ತಿರ, ಕಿಟಕಿ ಪಕ್ಕದ ಕುರ್ಚಿಯನ್ನು ಎಳೆದು ತಾನೇ ಕೂತಳು. ಅವರನ್ನು ಎದುರಿಗೆ ಕೂರಿಸಿದಳು.

"ಇವತ್ತು ವಿರೋಧ ನಂದು," ಎಂದಳು. "ಇವಳಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಅಡುಗೆ ಬರಲ್ಲ. ಮದುವೆ ಆದ್ಮೇಲೆ ಮಂಚಕ್ಕೂ ಬಾಗಿಲಿಗೂ ಎಷ್ಟು ದೂರ ಅಂತ ಟೇಪ್ ಹಿಡೀತಾಳೆ."

ಅವರು ನಗಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೇಳುತ್ತಿದ್ದರು. ಅತ್ತಿಗೆಯ ಮುಖದಲ್ಲೂ ನಗು ಹೋಯಿತು.

"ನಿಮ್ಮಿಂದ ಇವಳ ಪುಸ್ತಕ ಹೋಯ್ತು. ಒಂದಿಡೀ ವರ್ಷದ ಕೆಲಸ. ಇವಳು ಮಹಡಿ ಮೇಲೆ ಅತ್ತದ್ದನ್ನ ನಾನು ಕೇಳಿದ್ದೀನಿ. ಅದಕ್ಕೇನು ಹೇಳ್ತೀರಿ?"

ಅಳುವವಳಲ್ಲ ಎಂದೆನಲ್ಲ, ಅದು ಸುಳ್ಳು. ನಾನು ತಲೆ ತಗ್ಗಿಸಿದೆ.

"ಆ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ," ಎಂದರು ಅವರು. "ನೀವು ಹೇಳಿದ್ದು ಸರಿ. ಆದರೂ..."

"ಆದರೆ-ಗೀದರೆ ಅನ್ನಬಾರದು," ಎಂದೆ ನಾನು. ಧ್ವನಿ ನನ್ನದೆನ್ನಿಸಲಿಲ್ಲ.

ಅವರು ನನ್ನ ಕಡೆ ತಿರುಗಿದರು. ಗೋಡೆಯನ್ನಲ್ಲ, ಗಡಿಯಾರವನ್ನಲ್ಲ, ನನ್ನನ್ನೇ ನೋಡಿದರು.

"ನನಗೆ ನೀವು ಬೇಕು."

ಅತ್ತಿಗೆ ಬಾಯಿ ತೆರೆದವಳು ಹಾಗೇ ಮುಚ್ಚಿದಳು. ವಿರೋಧದ ಕುರ್ಚಿಯಿಂದ ಒಂದು ಮಾತೂ ಬರಲಿಲ್ಲ. ಕಾದಿದ್ದ ಮಾತೇ, ನಾನೇ ಕೇಳಿ ಹೇಳಿಸಿಕೊಂಡ ಮಾತೇ. ಆದರೂ ಕೇಳಿದಾಗ ನನಗೆ ಕೈಕಾಲು ಆಡಲಿಲ್ಲ. ಏನಾದರೂ ಮಾಡಬೇಕಲ್ಲ ಎಂದು ಅಡುಗೆಮನೆಗೆ ಹೋಗಿ 'ನಾನೂ' ಎಂದು ಗೋಡೆಗೆ ಹೇಳಿದೆ, ಆಮೇಲೆ ನಾಚಿಕೆ ಬಿಟ್ಟು ಅವರಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದೆ. ಕಣ್ಣೊರೆಸಿಕೊಂಡು ಒಂದು ಕಪ್ ಕಾಫಿ ತಂದು ಅವರ ಮುಂದಿಟ್ಟೆ.

"ಸಕ್ಕರೆ ಹಾಕ್ಲಾ?"

"ಹಾಕಿ," ಎಂದರು, ಒಂದು ಕ್ಷಣವೂ ಯೋಚಿಸದೆ.